ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಸೀಗಡಿ ನನ್ನ ಹವಳ ತಿನ್ನುತ್ತಿದೆ. ಸೀಗಡಿ ಮಾತ್ರ ಸಾಯುವಂಥ ಔಷಧಿ ಯಾವುದಾದರೂ ಇದೆಯಾ? ಇಲ್ಲಾಂದ್ರೆ ಸೀಗಡಿ ತಿನ್ನುವ ಹಾಕ್‌ಫಿಶ್ ಮೀನು ಬಿಡಲಾ?

ಇಲ್ಲ. ಹುಡುಕುವುದನ್ನು ಇವತ್ತೇ ಬಿಡಿ. ನೀವು ಕೇಳಿದ್ದನ್ನೇ ನಾನು ನಾಲ್ಕು ವರ್ಷದ ಹಿಂದೆ ತುಮಕೂರಿನ ಒಂದು ಮೀನಿನ ಅಂಗಡಿಯಲ್ಲಿ ಕೇಳಿದ್ದೆ. ಒಂದು ನೀಲಿ ಬಾಟಲಿ ಕೊಟ್ಟರು.

ನನ್ನದು ಮೂರಡಿ ಟ್ಯಾಂಕ್. ಐಪ್ಟೇಸಿಯಾ (ಕಲ್ಲಿಗೆ ಅಂಟಿ ಕಳೆ ಥರ ಹಬ್ಬುವ ಸಣ್ಣ ಕಡಲ ಜೀವಿ) ಕಾಟ ಜಾಸ್ತಿಯಾಗಿ, ಅದನ್ನು ತಿನ್ನುತ್ತದೆ ಅಂತ ಬೆಂಗಳೂರಿಂದ ಎರಡು ಪೆಪ್ಪರ್‌ಮಿಂಟ್ ಸೀಗಡಿ ತಂದೆ. ರೈಲಲ್ಲಿ ಕವರನ್ನು ತೊಡೆ ಮೇಲೆ ಇಟ್ಟುಕೊಂಡು, ಮಗು ಥರ. ಅವು ಐಪ್ಟೇಸಿಯಾ ಮೂಸಿಯೂ ನೋಡಲಿಲ್ಲ. ಬದಲಿಗೆ ದಿನಾ ಬೆಳಿಗ್ಗೆ ಬಟನ್ ಆಕಾರದ ಮೆತ್ತನೆ ಹವಳ ಜೋವಾಂಥಿಡ್‌ಗಳಲ್ಲಿ ಒಂದೆರಡು ಕಮ್ಮಿ. ನಿಮ್ಮದೂ ಇದೇ ಕತೆ ಅಲ್ವಾ?

ನಾನು ತಂದದ್ದು ಪೆಪ್ಪರ್‌ಮಿಂಟೇ ಅಲ್ಲ, ಕ್ಯಾಮೆಲ್ ಶ್ರಿಂಪ್ ಅನ್ನೋ ಬೇರೆ ಸೀಗಡಿ. ಬೆನ್ನು ಗೂನು, ಕೆಂಪು ಮೈ ಮೇಲೆ ಬಿಳಿ ಗೆರೆ, ಮೂಗಿನ ಕೊಕ್ಕನ್ನು ಮೇಲೆ ಕೆಳಗೆ ಆಡಿಸುತ್ತದೆ. ಪೆಪ್ಪರ್‌ಮಿಂಟ್ ಹಾಗಲ್ಲ, ಅದರ ಮೈ ಗಾಜಿನಂತೆ, ಉದ್ದುದ್ದ ಕೆಂಪು ಗೆರೆ. ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಮಾರಿಬಿಡುತ್ತಾರೆ. ಕ್ಯಾಮೆಲ್ ಹವಳ ತಿನ್ನುವುದು ಅದರ ಹುಟ್ಟುಗುಣ.

ಈಗ ನೀಲಿ ಬಾಟಲಿ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಹಾಕುವ ಔಷಧಿ ಅದು, ಒಳಗಿರುವುದು ತಾಮ್ರ. ಲೇಬಲ್ ನಾನು ಓದಿದ್ದೆ, ಅದೇ ಬೇಜಾರು. ತಾಮ್ರದ ಚೊಂಬಿನ ನೀರು ಕುಡಿದು ಬೆಳೆದವನು, ಇದರಿಂದ ಏನಾಗುತ್ತೆ ಅಂದುಕೊಂಡೆ. ಹುಷಾರಾಗಿ ಅರ್ಧ ಡೋಸ್ ಮಾತ್ರ ಹಾಕಿದೆ. ಮೀನಿಗೆ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು ತಾಮ್ರ ಕೊಡುತ್ತಾರೆ, ಮೀನು ತಡೆದುಕೊಳ್ಳುತ್ತದೆ. ಬೆನ್ನುಮೂಳೆ ಇಲ್ಲದ ಜೀವಿಗಳು ತಡೆಯುವುದಿಲ್ಲ. ಸೀಗಡಿ, ಬಸವನಹುಳು, ಹವಳ, ಎಲ್ಲವೂ ಆ ಪಟ್ಟಿಯಲ್ಲೇ ಬರುತ್ತವೆ. ತಮಾಷೆ ಅಂದ್ರೆ ಸೀಗಡಿಯ ರಕ್ತದಲ್ಲಿ ಕಬ್ಬಿಣದ ಬದಲು ಇರುವುದೇ ತಾಮ್ರ.

ಬೆಳಿಗ್ಗೆ ಲೈಟ್ ಹಾಕಿದರೆ ಬಸವನಹುಳುಗಳೆಲ್ಲ ಮರಳ ಮೇಲೆ ಅಂಗಾತ. ಎರಡು ವರ್ಷದಿಂದ ನನ್ನ ಕೈ ಮೇಲೆ ಹತ್ತುತ್ತಿದ್ದ ಕ್ಲೀನರ್ ಶ್ರಿಂಪ್ (ಮೀನಿನ ಮೈ ಶುಚಿ ಮಾಡುವ ಸೀಗಡಿ) ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಹವಳಗಳು ಮುದುಡಿದ್ದು ಮತ್ತೆ ಬಿಚ್ಚಲಿಲ್ಲ. ಕ್ಯಾಮೆಲ್‌ಗಳೂ ಸತ್ತವು, ಅದನ್ನೇನು ಸಂಭ್ರಮಿಸೋದು.

ಅಷ್ಟಕ್ಕೇ ಮುಗಿಯಲಿಲ್ಲ. ನೀರು ಬದಲಿಸಿದೆ, ನೀರು ಶುದ್ಧ ಮಾಡುವ ಕಾರ್ಬನ್ ಹಾಕಿದೆ. ತಿಂಗಳು ಬಿಟ್ಟು ಹೊಸ ಬಸವನಹುಳು ಬಿಟ್ಟೆ, ಎರಡೇ ದಿನಕ್ಕೆ ಸತ್ತವು. ರೀಫಿನ ಕಲ್ಲು, ಮರಳು ಎಲ್ಲ ಸುಣ್ಣದಂಶದ್ದು, ತಾಮ್ರ ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಕೊನೆಗೆ ಅಷ್ಟೂ ಕಲ್ಲು ಹೊರಗೆ ಹಾಕಿದೆ. ಈಗಲೂ ನಮ್ಮ ಕಾಂಪೌಂಡ್ ಪಕ್ಕ ಬಿದ್ದಿವೆ, ಅಮ್ಮ ಅವುಗಳ ಮೇಲೆ ಒರೆಸುವ ಬಟ್ಟೆ ಒಣಗಿಸುತ್ತಾರೆ.

ಹಾಕ್‌ಫಿಶ್ ಬಿಡಲಾ ಅಂತಲೂ ಕೇಳಿದ್ದೀರಿ. ಬೇಡ. ಅದು ನಿಮ್ಮ ಕ್ಲೀನರ್‌ನ್ನೂ ತಿನ್ನುತ್ತದೆ. ಕಲ್ಲು ಎತ್ತಿ ಬಲೆ ಹಾಕುವುದೂ ಬೇಡ, ಟ್ಯಾಂಕ್ ರಾಡಿ ಆಗುತ್ತೆ ಅಷ್ಟೇ.

ಹೊಸ ಟ್ಯಾಂಕಿಗೆ ಇನ್ನೊಂದು ಕ್ಯಾಮೆಲ್ ಬಂದಾಗ (ಹೌದು, ಮತ್ತೆ ಮೋಸ ಹೋದೆ) ಲೀಟರ್ ನೀರಿನ ಬಾಟಲಿಯಲ್ಲೇ ಹಿಡಿದೆ. ಕತ್ತಿನ ಭಾಗ ಕತ್ತರಿಸಿ, ತಿರುಗಿಸಿ ಒಳಕ್ಕೆ ತುರುಕಿ. ಗಾಳಿ ಹೋಗಲು ಬಿಸಿ ಸೂಜಿಯಲ್ಲಿ ನಾಲ್ಕು ತೂತು. ಒಳಗೆ ಒಂದು ಚೂರು ಹಸಿ ಸೀಗಡಿ. ಉಪ್ಪುಖಾರ ಹಾಕಿದ್ದಲ್ಲ, ಸುಮ್ನೆ ತೊಳೆದದ್ದು. ಕ್ಯಾಮೆಲ್ ಅಡಗುವ ಸಂದಿಯ ಬಾಯಿಗೇ ಬಾಟಲಿ ಮಲಗಿಸಿ, ಲೈಟ್ ಆರಿಸಿ. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ, ಕೆಂಪು ಬೆಳಕಿಗೆ ಅವು ಅಷ್ಟು ಬೆದರುವುದಿಲ್ಲ. ಅರ್ಧ ಗಂಟೆಗೊಮ್ಮೆ ನೋಡಿ. ರಾತ್ರಿಯೆಲ್ಲ ಬಿಡಬೇಡಿ, ಮೀನು ನುಗ್ಗಿ ಸಿಕ್ಕಿಕೊಳ್ಳುತ್ತದೆ. ನನಗೆ ಸಿಕ್ಕಿದ್ದು ಮೂರನೇ ರಾತ್ರಿ. ಆ ದಿನ ಟ್ಯಾಂಕಿಗೆ ಬೇರೆ ಊಟ ಹಾಕಿರಲಿಲ್ಲ.

ಅದನ್ನು ಸಾಯಿಸಲಿಲ್ಲ. ಟ್ಯಾಂಕ್ ಕೆಳಗೆ ಕ್ಯಾಬಿನೆಟ್ಟಿನೊಳಗೆ ನೀರು ಸೋಸುವ ಸಣ್ಣ ತೊಟ್ಟಿ, ಅಂದ್ರೆ ಸಂಪಿನಲ್ಲಿದೆ, ಅಲ್ಲಿ ತಿನ್ನಲು ಹವಳವಿಲ್ಲ. ಕ್ಯಾಬಿನೆಟ್ ಬಾಗಿಲು ತೆಗೆದರೆ ಊಟದ ಪೆಲೆಟ್‌ಗೆ ಮುಂದೆ ಬರುತ್ತದೆ. ಇವು ಗುಂಪಲ್ಲಿರುವ ಜಾತಿ, ಒಂದು ಹಿಡಿದ ಮೇಲೂ ಎರಡು ರಾತ್ರಿ ಬಾಟಲಿ ಇಡಿ. ಮೊದಲು ಇವತ್ತು ಬೆನ್ನು ಗೂನಿದೆಯಾ ನೋಡಿ, ಫೋಟೋ ಹಾಕಿ.