ಬೆಂಚಿನಿಂದ ಎದ್ದು ಹೋದವಳ 12 ನಿಮಿಷ

ಈ ಸಲ ಬಂದ ಪತ್ರಗಳಲ್ಲಿ ಮೂರು ಬ್ಯಾಸ್ಕೆಟ್‌ಬಾಲ್ ಬಗ್ಗೆ ಇವೆ. ಊರು ಬೇರೆ, ಕೇಳಿದ ರೀತಿ ಬೇರೆ, ಒಳಗಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಮಾಟುಂಗಾದ ಕಾಲೇಜೊಂದರಲ್ಲಿ ಓದುತ್ತಾಳೆ, ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಮೊದಲ ಐವರಲ್ಲಿಲ್ಲ. ಬೆಂಚಿನಿಂದ ಎದ್ದು ಹೋಗಿ 10-12 ನಿಮಿಷ ಆಡುತ್ತಾಳೆ, ಮೂರೋ ನಾಲ್ಕೋ ಪಾಯಿಂಟ್ ಹಾಕುತ್ತಾಳೆ. "ಬೆಂಚ್ ಮೇಲೆ ಕೂರೋಕೆ ಚೆಂಬೂರಿಂದ ಬೆಳಿಗ್ಗೆ ಐದೂವರೆಗೆ ಎದ್ದು ಹೋಗಬೇಕಾ" ಅಂತ ಅವಳಪ್ಪ ಕೇಳುತ್ತಾರೆ. ಅವಳು "ಅಮ್ಮಾ, ನನ್ನ ಪ್ಲಸ್-ಮೈನಸ್ ನೋಡಿ ಆಮೇಲೆ ಮಾತಾಡಿ" ಅನ್ನುತ್ತಾಳೆ. ಹೋದ ವಾರ ತಂಡ 58-62ರಲ್ಲಿ ಸೋತಿತು. ಇವಳದ್ದು ಮಾತ್ರ +6 ಅಂತೆ. ಸೋತ ಪಂದ್ಯದಲ್ಲಿ ಪ್ಲಸ್ ಹೇಗೆ ಬರುತ್ತದೆ? ಇದನ್ನೆಲ್ಲ ನಂಬಬಹುದಾ?
– ಒಬ್ಬ ತಾಯಿ, ಚೆಂಬೂರು, ಮುಂಬಯಿ

ಉತ್ತರ: ನಂಬಬಹುದು. ಆದರೆ ಒಂದೇ ಪಂದ್ಯದ +6 ನೋಡಿ ನಂಬಬೇಡಿ.

ಪ್ಲಸ್-ಮೈನಸ್ ಅನ್ನೋದು ಸುಲಭದ ಲೆಕ್ಕ. ಅವಳು ಕೋರ್ಟಿನಲ್ಲಿದ್ದ ಹೊತ್ತಲ್ಲಿ ನಮ್ಮವರು ಎಷ್ಟು ಪಾಯಿಂಟ್ ಹಾಕಿದರು, ಎದುರಿನವರು ಎಷ್ಟು ಹಾಕಿದರು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಆಯಿತು. ಯಾರ ಕೈಯಿಂದ ಬಂತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಅವಳಿದ್ದ 12 ನಿಮಿಷದಲ್ಲಿ ಸ್ಕೋರ್ 22-16 ಆಯಿತು ಅಂದುಕೊಳ್ಳಿ, ಅದೇ +6. ಪಂದ್ಯ 40 ನಿಮಿಷದ್ದು. ಹಾಗಾದರೆ ಉಳಿದ 28 ನಿಮಿಷದಲ್ಲಿ ಸ್ಕೋರ್ 36-46. ಅಂದರೆ ಅವಳು ಒಳಗಿದ್ದಾಗ ತಂಡ 6 ಮುಂದೆ, ಹೊರಗೆ ಕೂತಾಗ 10 ಹಿಂದೆ, ಕೊನೆಗೆ ಸೋತದ್ದು 4ರಿಂದ. ನನ್ನ ಕಣ್ಣು ಮೊದಲು ಹೋಗೋದು ಆ +6ರ ಮೇಲಲ್ಲ, ಈ −10ರ ಮೇಲೆ. ಒಬ್ಬಳು ಕೋರ್ಟಿನಿಂದ ಹೊರಗೆ ಬಂದಾಗ ತಂಡ ಏನಾಗುತ್ತದೆ ಅನ್ನೋದು ಅವಳ ಬಗ್ಗೆ ಬಹಳ ಹೇಳುತ್ತದೆ, ಮೂರು ಪಾಯಿಂಟ್ ಹಾಕಿದಳು ಅನ್ನೋದಕ್ಕಿಂತ ಖಂಡಿತ ಜಾಸ್ತಿ.

ಈಗ ಅನುಮಾನದ ಮಾತು. 12 ನಿಮಿಷ ತೀರಾ ಚಿಕ್ಕದು. ಅಷ್ಟರಲ್ಲಿ ಜೊತೆಯವಳೊಬ್ಬಳು ಎರಡು ತ್ರೀ-ಪಾಯಿಂಟರ್ ಹಾಕಿಬಿಟ್ಟರೆ 6 ಪಾಯಿಂಟ್ ಅಲ್ಲೇ ಬಂತು, ನಿಮ್ಮ ಮಗಳು ಚೆಂಡು ಮುಟ್ಟದೇ ಇದ್ದರೂ. ಎದುರು ತಂಡದ ಒಳ್ಳೆಯ ಆಟಗಾರ್ತಿ ನಾಲ್ಕು ಫೌಲ್ ಮಾಡಿಕೊಂಡು, ಐದಾದರೆ ಹೊರಗೇ ಅನ್ನೋ ಭಯಕ್ಕೆ ಅದೇ ಹೊತ್ತಲ್ಲಿ ಬೆಂಚ್ ಮೇಲೆ ಕೂತಿದ್ದರೆ, ಆಗಲೂ ನಿಮ್ಮ ಮಗಳ ಲೆಕ್ಕ ಚೆನ್ನಾಗಿ ಕಾಣುತ್ತದೆ.

ಎಲ್ಲ ನಿಮಿಷಗಳೂ ಒಂದೇ ತೂಕದವೂ ಅಲ್ಲ. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಎರಡು ಪಂದ್ಯ ಆಡಿದರಲ್ಲ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮೊದಲ ಸಲ ಭಾರತಕ್ಕೆ ಬಂದಿತ್ತು. ಮೊದಲ ದಿನ ಓವರ್‌ಟೈಮ್‌ವರೆಗೂ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದರು. ಮಾರನೇ ದಿನ 130-106. ಒಂದು ಪಾಯಿಂಟಿನ ಪಂದ್ಯದ ಕೊನೇ ಐದು ನಿಮಿಷ ಬೇರೆ, 24 ಪಾಯಿಂಟಿನ ಪಂದ್ಯದ ಕೊನೇ ಐದು ನಿಮಿಷ ಬೇರೆ ಅಲ್ವಾ? ಗೆಲುವು ಆಗಲೇ ತೀರ್ಮಾನವಾಗಿ ಎರಡೂ ಕಡೆ ಕೊನೇ ಸಾಲಿನವರು ಆಡುವಾಗ ಬಂದ +8ಕ್ಕೂ, ಕೈ ನಡುಗೋ ಹೊತ್ತಲ್ಲಿ ಬಂದ +2ಕ್ಕೂ ಹೋಲಿಕೆ ಮಾಡಬಾರದು. ಮಗಳನ್ನು ಇದನ್ನೇ ಕೇಳಿ: ಕೋಚ್ ನಿನ್ನನ್ನು ಯಾವಾಗ ಒಳಗೆ ಕಳಿಸುತ್ತಾರೆ? ಎರಡನೇ ಕ್ವಾರ್ಟರ್‌ನಲ್ಲಿ ಪಂದ್ಯ ಸಮಸಮ ಇರುವಾಗಲಾ, ಇಲ್ಲಾ ಎಲ್ಲ ಮುಗಿದ ಮೇಲಾ?

ಇನ್ನೊಂದು, ಯಾರ ಜೊತೆ ಆಡುತ್ತಾಳೆ ಅನ್ನೋದು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ನೀವು ದಿನಾ ಇಡ್ಲಿ-ವಡೆ ಪ್ಲೇಟನ್ನೇ ತಗೊಳ್ಳುತ್ತಿದ್ದರೆ, ಬರೀ ಬಿಲ್ ನೋಡಿ ವಡೆಯ ರೇಟ್ ಎಷ್ಟು ಅಂತ ಹೇಳೋಕಾಗುವುದಿಲ್ಲ. ಒಂದು ದಿನ ಇಡ್ಲಿ ಮಾತ್ರ ತಿಂದು ಬನ್ನಿ, ಆಗ ವಡೆಯ ರೇಟ್ ತಾನಾಗಿ ಗೊತ್ತಾಗುತ್ತದೆ. ಆಟಗಾರರ ಲೆಕ್ಕವೂ ಹಾಗೇ. ನಿಮ್ಮ ಮಗಳು ಯಾವಾಗಲೂ ತಂಡದ ಒಳ್ಳೆಯ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವಳ ಜೊತೆಗೇ ಒಳಗೆ ಹೋಗಿ ಅವಳ ಜೊತೆಗೇ ಹೊರಗೆ ಬಂದರೆ, ಆ ಪ್ಲಸ್ ಇಬ್ಬರಲ್ಲಿ ಯಾರದ್ದು ಅಂತ ಬಿಡಿಸೋಕಾಗಲ್ಲ. ಎನ್‌ಬಿಎ ತಂಡಗಳ ಲೆಕ್ಕಿಗರು ಮಾಡುವುದು ಇದೇ ಬಿಡಿಸುವ ಕೆಲಸ. ಯಾವ ಹತ್ತು ಜನ ಕೋರ್ಟಿನಲ್ಲಿದ್ದಾಗ ಏನಾಯಿತು ಅನ್ನೋದನ್ನ ಒಂದೊಂದು ಬಿಲ್ ಥರ ಬರೆದು, ಅಂಥ ಸಾವಿರಾರು ಬಿಲ್‌ಗಳನ್ನು ಒಟ್ಟಿಗೆ ಹಾಕಿ, ಒಬ್ಬೊಬ್ಬರ ಬೆಲೆ ಹುಡುಕುತ್ತಾರೆ. ಅದಕ್ಕೆ ಅಡ್ಜಸ್ಟೆಡ್ ಪ್ಲಸ್-ಮೈನಸ್ ಅನ್ನುತ್ತಾರೆ. ಅದರ ಸುಧಾರಿಸಿದ ರೂಪ ಆರ್‌ಎಪಿಎಂ. ಇದು ಕಡಿಮೆ ಆಡಿದವರನ್ನು ಸೊನ್ನೆಯ ಹತ್ತಿರಕ್ಕೆ, ಅಂದರೆ ಸರಾಸರಿಯ ಹತ್ತಿರಕ್ಕೆ ಎಳೆದಿಡುತ್ತದೆ. ಸಾಕ್ಷಿ ಸಾಲದೇ ಇದ್ದಾಗ ಹೊಗಳೋದೂ ಬೇಡ ತೆಗಳೋದೂ ಬೇಡ ಅನ್ನೋ ಹಾಗೆ. ಇದರಿಂದ ಬೆಂಚ್ ಆಟಗಾರರ ನಿಜವಾದ ಬೆಲೆ ತಡವಾಗಿ ಹೊರಗೆ ಬರುತ್ತದೆ ಅನ್ನೋದು ನಿಜ. ಆದರೂ ನನಗೆ ಈ ಎಚ್ಚರಿಕೆ ಇಷ್ಟ.

ಇಷ್ಟೆಲ್ಲ ಬಿಡಿಸಿ ನೋಡಿದ ಮೇಲೂ ಗಟ್ಟಿಯಾಗಿ ನಿಂತವರಿದ್ದಾರೆ. ಅಲೆಕ್ಸ್ ಕರೂಸೊ ಹೆಸರು ಮಗಳಿಗೆ ಗೊತ್ತಿರುತ್ತದೆ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. 2019-20ರಲ್ಲಿ ಲೇಕರ್ಸ್ ತಂಡದಲ್ಲಿ ಪಂದ್ಯಕ್ಕೆ ಸರಾಸರಿ ಐದೂವರೆ ಪಾಯಿಂಟ್ ಹಾಕುತ್ತಿದ್ದ, ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದಲೇ ಬಂದವನು. ಆದರೆ ಅವನೂ ಲೆಬ್ರಾನ್ ಜೇಮ್ಸ್‌ನೂ ಜೊತೆಗಿದ್ದ ಹೊತ್ತಲ್ಲಿ ಲೇಕರ್ಸ್ ಎದುರಾಳಿಗಳನ್ನು ಬಿಡದೆ ಹಿಂದೆ ಹಾಕುತ್ತಿತ್ತು. ಆ ವರ್ಷದ ಫೈನಲ್ಸ್‌ನ ಆರನೇ ಪಂದ್ಯ, ಗೆದ್ದರೆ ಕಪ್. ಕೋಚ್ ಆ ದಿನ ಮೊದಲ ಐವರಲ್ಲಿ ಕರೂಸೊನನ್ನು ಇಳಿಸಿದರು. ಲೇಕರ್ಸ್ 106-93ರಲ್ಲಿ ಗೆದ್ದು ಚಾಂಪಿಯನ್ ಆಯಿತು. ಐದೂವರೆ ಪಾಯಿಂಟ್ ನೋಡಿ ಯಾರೂ ಅಂಥ ತೀರ್ಮಾನ ಮಾಡುವುದಿಲ್ಲ.

ಪಾಯಿಂಟಿನ ಬಗ್ಗೆಯೇ ಹೇಳಬೇಕಾದರೆ, ಎಷ್ಟು ಅನ್ನೋದಕ್ಕಿಂತ ಎಷ್ಟು ಖರ್ಚು ಮಾಡಿ ತಂದಳು ಅನ್ನೋದನ್ನ ನೋಡಿ. ಟ್ರೂ ಶೂಟಿಂಗ್ ಅಂತ ಒಂದು ಲೆಕ್ಕ ಇದೆ. ಶಾಟ್‌ಗಳ ಸಂಖ್ಯೆಗೆ ಫ್ರೀ ಥ್ರೋಗಳ (ಎದುರಿನವರು ಫೌಲ್ ಮಾಡಿದಾಗ ಸಿಗುವ ಎಸೆತಗಳ) 0.44 ಪಾಲು ಸೇರಿಸಿ, ಅದನ್ನು ಎರಡರಿಂದ ಗುಣಿಸಿ, ಬಂದದ್ದರಿಂದ ಪಾಯಿಂಟನ್ನು ಭಾಗಿಸಿ. 0.44 ಯಾಕೆ ಅಂದರೆ, ಫ್ರೀ ಥ್ರೋಗಳು ಸಾಮಾನ್ಯವಾಗಿ ಎರಡೆರಡು ಬರುತ್ತವೆ, ಕೆಲವು ಸಲ ಬಾಸ್ಕೆಟ್ ಬಿದ್ದ ಮೇಲೆ ಬೋನಸ್ಸಾಗಿ ಒಂದು ಬರುತ್ತದೆ, ಹಾಗಾಗಿ ಒಂದೊಂದು ಫ್ರೀ ಥ್ರೋ ಅರ್ಧ ಸರದಿಗಿಂತ (ಸರದಿ ಅಂದರೆ ಚೆಂಡು ಒಂದು ತಂಡದ ಕೈಗೆ ಬಂದು ಎದುರಿನವರ ಕೈಗೆ ಹೋಗುವವರೆಗಿನ ಹೊತ್ತು) ಸ್ವಲ್ಪ ಕಡಿಮೆಯನ್ನೇ ತಿನ್ನುತ್ತದೆ. ಮೊದಲ ಐವರಲ್ಲಿರುವ ಹುಡುಗಿ 15 ಶಾಟ್, 4 ಫ್ರೀ ಥ್ರೋ ತಗೊಂಡು 16 ಪಾಯಿಂಟ್ ಹಾಕಿದಳು ಅಂದರೆ ಸುಮಾರು ಶೇ. 48. ನಿಮ್ಮ ಮಗಳು 4 ಶಾಟ್, 2 ಫ್ರೀ ಥ್ರೋದಲ್ಲಿ 6 ಪಾಯಿಂಟ್ ತಂದರೆ ಶೇ. 61ಕ್ಕಿಂತ ಮೇಲೆ. ಪೇಪರಿನಲ್ಲಿ ಬರೋದು 16. ಇಲ್ಲಿಯೂ ಒಂದು ಮಾತು ನೆನಪಿರಲಿ, ನಾಲ್ಕು ಶಾಟ್ ತಗೊಳ್ಳುವವಳು ಖಾಲಿ ಸಿಕ್ಕಾಗ ಮಾತ್ರ ತಗೊಳ್ಳುತ್ತಾಳೆ. ಅವಳಿಗೇ 15 ಕೊಟ್ಟರೆ ಆ ಶೇ. 61 ಉಳಿಯುವುದು ಕಷ್ಟ. ದಿನಾ ಇಬ್ಬರು ಡಿಫೆಂಡರ್‌ಗಳ ನಡುವೆ ಶಾಟ್ ಎತ್ತುವ ಆ ಇನ್ನೊಬ್ಬ ಹುಡುಗಿಯನ್ನೂ ಸುಮ್ನೆ ಕೀಳಾಗಿ ನೋಡಬಾರದು.

ಇನ್ನು ಕಣ್ಣಿಂದಲೇ ಕಾಣಬೇಕಾದವು. ಸ್ಕ್ರೀನ್, ಅಂದರೆ ಜೊತೆಯವಳಿಗೆ ದಾರಿ ಬಿಡಿಸೋಕೆ ಡಿಫೆಂಡರ್‌ಗೆ ಅಡ್ಡ ನಿಲ್ಲೋದು, ಗಟ್ಟಿಯಾಗಿ ಹಾಕುತ್ತಾಳಾ? ರಿಬೌಂಡ್ (ಬೀಳದೆ ಮರಳಿದ ಚೆಂಡು) ತಾನೇ ಹಿಡಿಯದಿದ್ದರೂ ಎದುರಿನ ಎತ್ತರದ ಹುಡುಗಿಯನ್ನು ಬೆನ್ನಿಂದ ತಡೆದು ಹಿಡಿಯುತ್ತಾಳಾ? ಡಿಫೆನ್ಸ್‌ನಲ್ಲಿ ಬಾಯಿ ಬಿಟ್ಟು ಕೂಗಿ ಹೇಳುತ್ತಾಳಾ? ಎನ್‌ಬಿಎಯೇ 2016ರಿಂದ ಸ್ಕ್ರೀನ್ ಅಸಿಸ್ಟ್, ಕೈಯಡ್ಡ ಇಟ್ಟು ತಪ್ಪಿಸಿದ ಪಾಸ್, ಎದೆಯೊಡ್ಡಿ ಪಡೆದ ಚಾರ್ಜ್ ಇವನ್ನೆಲ್ಲ ಎಣಿಸಿ ಪ್ರಕಟಿಸುತ್ತಿದೆ. ನಾನು ನಾಗಪಾಡಾದ ಕೋರ್ಟುಗಳ ಪಕ್ಕ ಕೂತು ಎಷ್ಟೋ ಸಂಜೆ ಸ್ಕೋರ್ ಬರೆದಿದ್ದೇನೆ. ಅಲ್ಲಿ ಇಂಥ ಕೆಲಸಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಆದರೆ ಯಾರನ್ನು ಎಬ್ಬಿಸಿ ಕಳಿಸಿದರೆ ಪಂದ್ಯ ತಿರುಗುತ್ತದೆ ಅನ್ನೋದು ಬೆಂಚ್ ಮೇಲಿದ್ದ ಎಲ್ಲರಿಗೂ ಗೊತ್ತಿರುತ್ತಿತ್ತು.

ಅವಳಪ್ಪನಿಗೆ ಈ ಪುಟ ಓದಿಸೋದಕ್ಕಿಂತ ಅವರನ್ನು ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ. ಮಗಳು ಒಳಗೆ ಹೋದಾಗಿನ ಸ್ಕೋರ್, ಹೊರಗೆ ಬಂದಾಗಿನ ಸ್ಕೋರ್ ಬರೆಯೋ ಕೆಲಸ ಅವರಿಗೇ ಕೊಡಿ. ಒಂದಲ್ಲ, ಎಂಟು ಹತ್ತು ಪಂದ್ಯ.

ಪ್ರಶ್ನೆ: ಎನ್‌ಬಿಎಯಲ್ಲಿ ಪಂದ್ಯಕ್ಕೆ 9 ನಿಮಿಷ ಆಡುವ ಒಬ್ಬನ ಪಿಇಆರ್ (ಆಟಗಾರನ ಆಟವನ್ನೆಲ್ಲ ಒಂದೇ ಅಂಕೆಯಲ್ಲಿ ಹೇಳುವ ಲೆಕ್ಕ) 20 ಇದೆ. ಅದೇ ತಂಡದಲ್ಲಿ ಅದೇ ಜಾಗಕ್ಕೆ ಮೊದಲ ಐವರಲ್ಲಿ ಆಡುವವನದ್ದು 15. ಕೋಚ್‌ಗೆ ಇಷ್ಟೂ ಕಾಣಲ್ವಾ ಅಂತ ನಾನು, ನಿನಗೆ ಆಟ ಗೊತ್ತಿಲ್ಲ ಅಂತ ರೂಮ್‌ಮೇಟ್. ಯಾರು ಸರಿ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಪುಣೆ

ಉತ್ತರ: ರೂಮ್‌ಮೇಟ್ ಕಡೆ ಸ್ವಲ್ಪ ಜಾಸ್ತಿ ವಾಲುತ್ತೇನೆ. ಪಿಇಆರ್ ಅನ್ನು ರೂಪಿಸಿದವರು ಜಾನ್ ಹಾಲಿಂಜರ್. ಲೀಗಿನ ಸರಾಸರಿ ಯಾವಾಗಲೂ 15 ಬರುವ ಹಾಗೆ ಕಟ್ಟಿದ ಲೆಕ್ಕ ಅದು. ನಿಮಿಷಕ್ಕೆ ಇಷ್ಟು ಅಂತ ಅಳೆಯುತ್ತದೆ, ಹಾಗಾಗಿ ಕಡಿಮೆ ಆಡುವವರಿಗೆ ಅನ್ಯಾಯ ಆಗುವುದಿಲ್ಲ, ಅದು ಅದರ ಒಳ್ಳೆಯ ಗುಣ. ಆದರೆ ಡಿಫೆನ್ಸ್ ಅಂದರೆ ಅದಕ್ಕೆ ಕಾಣೋದು ಹೆಚ್ಚಾಗಿ ಸ್ಟೀಲ್, ಬ್ಲಾಕ್, ಡಿಫೆನ್ಸಿವ್ ರಿಬೌಂಡ್ ಅಷ್ಟೇ. ತನ್ನ ಎದುರಾಳಿಯನ್ನು ಇಡೀ ಸಂಜೆ ಒಳಗೆ ಬಿಡದವನಿಗೆ ಅಲ್ಲಿ ಏನೂ ಸಿಗುವುದಿಲ್ಲ.

9 ನಿಮಿಷವನ್ನು 36ಕ್ಕೆ ಹಿಗ್ಗಿಸುವಾಗ ಎಲ್ಲವನ್ನೂ ಹಿಗ್ಗಿಸಿ. ಆ 9 ನಿಮಿಷದಲ್ಲಿ ಅವನು 3 ಫೌಲ್ ಮಾಡುತ್ತಿದ್ದರೆ 36ಕ್ಕೆ 12 ಆಯಿತು, ಎನ್‌ಬಿಎಯಲ್ಲಿ 6ಕ್ಕೇ ಹೊರಗೆ. ಅವನ ಎದುರು ಆಡುವವರೂ ಹೆಚ್ಚಾಗಿ ಬೆಂಚಿನವರೇ. ಹಾಗಂತ ನಿಮ್ಮ ಅನುಮಾನವನ್ನು ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ನೂರು ಸರದಿಗೆ ತಂಡದ ಲಾಭ-ನಷ್ಟ, ಅಂದರೆ ನೆಟ್ ರೇಟಿಂಗ್, ಅವನಿದ್ದಾಗ ಎಷ್ಟು ಇಲ್ಲದಾಗ ಎಷ್ಟು ಅಂತ ನೋಡಿ. ಅಲ್ಲಿಯೂ ಅವನೇ ಮೇಲಿದ್ದರೆ ನನಗೆ ಮತ್ತೆ ಬರೆಯಿರಿ, ಆಗ ನಾನು ನಿಮ್ಮ ಕಡೆ.

ಬೆಂಚ್ ಅಂದರೆ ಕಡಿಮೆ ಅಂತಲೂ ಅಲ್ಲ. ಆಂಡ್ರೆ ಇಗೊಡಾಲಾ ಮೊದಲ ಹತ್ತು ವರ್ಷ ಆಡಿದ ಪ್ರತಿ ಪಂದ್ಯದಲ್ಲೂ ಮೊದಲ ಐವರಲ್ಲಿದ್ದ. 2014-15ರಲ್ಲಿ ಗೋಲ್ಡನ್ ಸ್ಟೇಟ್ ಕೋಚ್ ಸ್ಟೀವ್ ಕರ್ ಅವನನ್ನು ಬೆಂಚಿಗೆ ಕಳಿಸಿದರು. ಲೀಗ್ ಹಂತದಲ್ಲಿ ಒಂದು ಪಂದ್ಯವನ್ನೂ ಅವನು ಶುರು ಮಾಡಲಿಲ್ಲ, ಸರಾಸರಿ 7.8 ಪಾಯಿಂಟ್. ಫೈನಲ್ಸ್‌ನಲ್ಲಿ ತಂಡ 1-2 ಹಿಂದೆ ಬಿದ್ದಾಗ ನಾಲ್ಕನೇ ಪಂದ್ಯಕ್ಕೆ ಅವನನ್ನೇ ಮೊದಲ ಐವರಿಗೆ ತಂದರು. ಅಲ್ಲಿಂದ ಮೂರಕ್ಕೆ ಮೂರೂ ಗೆಲುವು. ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೇ ಬಂತು.

ಪ್ರಶಸ್ತಿ ಅಂದಾಗ ಒಂದು ಬೇಸರ ಹೇಳಿಬಿಡುತ್ತೇನೆ. ಬೆಂಚ್ ಆಟಗಾರರಿಗೆ ಅಂತಲೇ ಎನ್‌ಬಿಎ 1983ರಿಂದ ಸಿಕ್ಸ್ತ್ ಮ್ಯಾನ್ ಪ್ರಶಸ್ತಿ ಕೊಡುತ್ತಿದೆ. ಜಮಾಲ್ ಕ್ರಾಫರ್ಡ್‌ಗೆ ಮೂರು ಸಲ, ಲೂ ವಿಲಿಯಮ್ಸ್‌ಗೆ ಮೂರು ಸಲ ಬಂದಿದೆ. ಇಬ್ಬರೂ ಬಂದ ಕೂಡಲೇ ಪಾಯಿಂಟ್ ಹಾಕುವವರು, ಅದು ದೊಡ್ಡ ಕೆಲಸವೇ. ಆದರೆ ಬೆಂಚಿನಿಂದ ಬಂದು ಎದುರಾಳಿಯ ಪಾಯಿಂಟ್ ನಿಲ್ಲಿಸುವವನ ಕಡೆಗೆ ಮತ ಹಾಕುವವರ ಕಣ್ಣು ಹೋಗೋದು ಬಹಳ ಕಡಿಮೆ.

ಪ್ರಶ್ನೆ: ಶಾಲೆಯ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ನಮ್ಮಲ್ಲಿ ಕ್ಯಾಮರಾ ಇಲ್ಲ, ಸಾಫ್ಟ್‌ವೇರ್ ಇಲ್ಲ. ಸ್ಕೋರ್‌ಶೀಟ್ ಇಟ್ಟುಕೊಂಡು ಬೆಂಚ್ ಹುಡುಗರ ಲೆಕ್ಕ ತೆಗೆಯಬಹುದಾ?
– ಪಿಟಿ ಮಾಸ್ತರು, ಮಡಗಾಂವ್, ಗೋವಾ

ಉತ್ತರ: ಸ್ಕೋರ್‌ಶೀಟಿನಿಂದ ಆಗುವುದಿಲ್ಲ ಸರ್. ಅದರಲ್ಲಿ ಹುಡುಗ ಮೊದಲ ಸಲ ಒಳಗೆ ಬಂದಾಗ ಒಂದು ಗುಣಿಸು ಗುರುತು ಬೀಳುತ್ತದೆ ಅಷ್ಟೇ. ಆಮೇಲೆ ಎಷ್ಟು ಸಲ ಹೊರಗೆ ಹೋದ, ಯಾವಾಗ ವಾಪಸ್ ಬಂದ ಅನ್ನೋದು ಇರುವುದಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆಡದೇ ಕೂತಿರುವ ಹುಡುಗನಿಗೇ ಅದನ್ನು ಕೊಡಿ, ಅವನು ಆಟವನ್ನೂ ಚೆನ್ನಾಗಿ ನೋಡುತ್ತಾನೆ. ಬದಲಿ ಆಟಗಾರ ಒಳಗೆ ಹೋಗೋದು ಗಡಿಯಾರ ನಿಂತಾಗ ಮಾತ್ರ, ಹಾಗಾಗಿ ಬರೆಯೋಕೆ ಪುರುಸೊತ್ತು ಸಿಗುತ್ತದೆ. ಪ್ರತಿ ಬದಲಾವಣೆಗೂ ಒಂದು ಸಾಲು: ಉಳಿದಿರುವ ಸಮಯ, ಆಗಿನ ಸ್ಕೋರ್, ಈಗ ಕೋರ್ಟಿನಲ್ಲಿರುವ ಐವರ ಜೆರ್ಸಿ ನಂಬರ್. ಮುಂದಿನ ಸಾಲಿನ ಸ್ಕೋರಿನಿಂದ ಹಿಂದಿನದನ್ನು ಕಳೆದರೆ ಆ ಐವರ ಲೆಕ್ಕ ಬಂತು.

ಸರದಿಗಳನ್ನೂ ಎಣಿಸುವ ಆಸೆ ಇದ್ದರೆ ಇನ್ನೊಬ್ಬ ಹುಡುಗ ಬೇಕು. ನಿಮ್ಮ ತಂಡದ ಶಾಟ್, ಅದರಿಂದ ಆಫೆನ್ಸಿವ್ ರಿಬೌಂಡ್ ಕಳೆಯಿರಿ, ಟರ್ನೋವರ್, ಅಂದರೆ ಶಾಟ್ ತಗೊಳ್ಳದೇ ಚೆಂಡು ಕಳೆದುಕೊಂಡದ್ದು, ಕೂಡಿಸಿ, ಫ್ರೀ ಥ್ರೋಗಳ 0.44 ಪಾಲು ಕೂಡಿಸಿ. ಒಂದು ತಂಡ ಓಡಿ ಓಡಿ ಆಡುತ್ತದೆ, ಇನ್ನೊಂದು ನಿಧಾನ. ಸರದಿಯ ಮೇಲೆ ಭಾಗಿಸಿದರೆ ಆ ವ್ಯತ್ಯಾಸ ಹೋಗುತ್ತದೆ. ಮೊದಲ ತಿಂಗಳು ಇದು ಬೇಡ, ಬರೀ ಬದಲಾವಣೆಯ ಸಾಲುಗಳು ಇರಲಿ.

ಒಂದು ಕೆಲಸ ಮಾತ್ರ ಮಾಡಬೇಡಿ ಸರ್, ಹನ್ನೆರಡು ಹದಿಮೂರು ವರ್ಷದ ಮಕ್ಕಳ ಪ್ಲಸ್-ಮೈನಸ್ಸನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ. ಮೈನಸ್ ಕಂಡ ಹುಡುಗ ಮರುದಿನ ಪ್ರಾಕ್ಟೀಸಿಗೇ ಬರಲಿಕ್ಕಿಲ್ಲ, ಆ ಮೈನಸ್ ಅವನದ್ದೇ ಅಲ್ಲದೆಯೂ ಇರಬಹುದು. ಅದು ನಿಮ್ಮ ಕೈಯಲ್ಲೇ ಇರಲಿ. ಹತ್ತು ಪಂದ್ಯದ ಸಾಲುಗಳಾದ ಮೇಲೆ ಆ ಪುಟಗಳ ಫೋಟೊ ಕಳಿಸಿ, ಒಟ್ಟಿಗೆ ಬಿಡಿಸೋಣ.