ಗೊಬ್ಬರದ ರಾಶಿಯಲ್ಲಿ ಕೊಬ್ಬರಿ ವಾಸನೆ

ಪ್ರಶ್ನೆ: ಹೋದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ಎಷ್ಟೋ ಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಹೋದವು. ಈ ಸಲ ಟ್ರೈಕೋಡರ್ಮಾ ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿಟ್ಟಿದ್ದೇನೆ. ರಾಶಿ ಹಸಿರಾಗಿದೆ, ಹತ್ತಿರ ಹೋದರೆ ಕೊಬ್ಬರಿ ವಾಸನೆ. ಕೆಟ್ಟಿದೆಯಾ? ಇದು ಬಳ್ಳಿಗೆ ನಿಜವಾಗಿ ಏನು ಮಾಡುತ್ತದೆ? ಪಕ್ಕದ ತೋಟದವರು ‘ಸುಮ್ನೆ ದುಡ್ಡು ದಂಡ’ ಅನ್ನುತ್ತಾರೆ.
– ಓದುಗರು, ಹೊಸನಗರ

ಉತ್ತರ: ಕೆಟ್ಟಿಲ್ಲ. ಆ ವಾಸನೆ ಒಳ್ಳೆಯ ಲಕ್ಷಣ. ಟ್ರೈಕೋಡರ್ಮಾ ಎಂಬುದು ಮಣ್ಣಿನಲ್ಲಿರುವ ಒಂದು ಬೂಷ್ಟು. ಅದರ ಕೆಲವು ತಳಿಗಳು ಪೆಂಟೈಲ್ ಪೈರೋನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ಕೊಬ್ಬರಿ ವಾಸನೆ ಅದರದ್ದೇ. ಬೇರೆ ಬೂಷ್ಟುಗಳಿಗೆ ಅದು ಆಗಿಬರುವುದಿಲ್ಲ, ಗಿಡದ ಬೇರಿಗೆ ಮಾತ್ರ ಸ್ವಲ್ಪವೇ ಸಿಕ್ಕರೂ ಚಿಗುರುವ ಹುಮ್ಮಸ್ಸು.

ಈ ಬೂಷ್ಟಿನ ಊಟದ ರೀತಿಯೇ ಬೇರೆ. ನಾವು ತಿಂದು ಹೊಟ್ಟೆಯಲ್ಲಿ ಅರಗಿಸುತ್ತೇವೆ. ಇದು ಕಿಣ್ವಗಳನ್ನು ಹೊರಗೆ ಸುರಿದು, ಅಲ್ಲೇ ಅರಗಿಸಿ, ಆಮೇಲೆ ಹೀರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳನ್ನು ಕೊಳೆಸಿದ್ದು ಇದರ ದಾಯಾದಿಯೇ! ಹತ್ತಿಯಲ್ಲಿರುವುದು ಸೆಲ್ಯುಲೋಸ್ ಎಂಬ ನಾರು. ಸೊರಗು ರೋಗ ತಂದು ನಿಮ್ಮ ಬಳ್ಳಿ ಕೊಂದ ಫೈಟಾಫ್ತೊರಾ ಎಂಬ ರೋಗಾಣುವಿನ ಹೊರಗೋಡೆಯಲ್ಲೂ ಸೆಲ್ಯುಲೋಸ್ ಇದೆ, ಜೊತೆಗೆ ಅದರಂಥದ್ದೇ ಇನ್ನೊಂದು ವಸ್ತು ಗ್ಲುಕಾನ್. ದರಗು ಕೊಳೆಸುವ ಅದೇ ಕಿಣ್ವಗಳು ಈ ಗೋಡೆಯನ್ನೂ ಕರಗಿಸುತ್ತವೆ.

ಬೇರಿನ ಜೊತೆ ಇದರ ವ್ಯವಹಾರ ಇನ್ನೂ ಸ್ವಾರಸ್ಯದ್ದು. ಬೇರು ಸಕ್ಕರೆ ಜಿನುಗಿಸುತ್ತದೆ. ಅದರ ಆಸೆಗೆ ಟ್ರೈಕೋಡರ್ಮಾ ಬಂದು ಬೇರಿನ ಹೊರಪದರದಲ್ಲಿ ನೆಲೆಸುತ್ತದೆ. ಅಲ್ಲಿ ಅದು ಬಿಡುವ ಕೆಲವು ಪ್ರೋಟೀನುಗಳನ್ನು ಕಂಡು ಗಿಡ ‘ಯಾರೋ ನುಗ್ಗಿದರು’ ಎಂದು ಎಚ್ಚೆತ್ತುಕೊಳ್ಳುತ್ತದೆ. ಬಂದ ನೆಂಟ ಅಪಾಯದವನಲ್ಲ, ಆದರೆ ಗಿಡ ಎಚ್ಚರವಾಗಿಯೇ ಉಳಿಯುತ್ತದೆ. ಮುಂದೆ ನಿಜವಾದ ಕಳ್ಳ ಬಂದಾಗ, ಎಲೆಗೇ ಬರಲಿ, ಬೇಗ ಎದುರು ನಿಲ್ಲುತ್ತದೆ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವೂ ಹೆಚ್ಚುಕಡಿಮೆ ಹೀಗೇ ಗಿಡವನ್ನು ಎಬ್ಬಿಸುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಅದು ಜೀವಂತ ಇರಬೇಕಲ್ವಾ? ಒಣ ಮಣ್ಣಿಗೆ ಬರೀ ಪುಡಿ ಎರಚಿದರೆ ತಿನ್ನಲು ಏನೂ ಇಲ್ಲ. ನೀವು ಗೊಬ್ಬರದಲ್ಲಿ ಬೆಳೆಸಿದ್ದು ಸರಿ. 100 ಕಿಲೋ ಗೊಬ್ಬರಕ್ಕೆ ಒಂದು ಕಿಲೋ ಪುಡಿ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ, ನೆರಳು, ತೇವ, 15 ದಿನ. ಮೊದಲ ಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಬುಡಕ್ಕೆ ಕೊಡಿ.

ಪಕ್ಕದವರನ್ನು ಒಂದು ಮಾತು ಕೇಳಿ: ಟ್ರೈಕೋಡರ್ಮಾ ಕೊಟ್ಟ ವಾರವೇ ಬುಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸುರಿದಿದ್ದರಾ? ನನ್ನ ಅನುಮಾನ ಅಲ್ಲೇ. ಮೈಲುತುತ್ತದ ತಾಮ್ರಕ್ಕೆ ನಮ್ಮವರು, ಶತ್ರುಗಳು ಎಂಬ ಭೇದ ಇಲ್ಲ. ಎರಡರ ನಡುವೆ ಒಂದು ತಿಂಗಳು ಅಂತರವಿರಲಿ.

ಪೂರ್ತಿ ಸೊರಗಿದ ಬಳ್ಳಿಯನ್ನು ಇದು ಎಬ್ಬಿಸುವುದಿಲ್ಲ, ಕಿತ್ತು ಸುಟ್ಟುಬಿಡಿ. ಮಳೆಗೆ ಮುಂಚೆ ಬಸಿಗಾಲುವೆಯನ್ನೂ ಬಿಡಿಸಿಡಿ. ಫೈಟಾಫ್ತೊರಾದ ಬೀಜಕಣಗಳು ನಿಂತ ನೀರಿನಲ್ಲಿ ಈಜಿಕೊಂಡೇ ಬೇರಿನ ಹತ್ತಿರ ಬರುತ್ತವೆ.