ಪ್ರತಿಸ್ಪರ್ಧಿ ಕಂಪನಿಗಳ ಪ್ರಾಯೋಜಕತ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳ ಸಮ್ಮೇಳನಗಳನ್ನು ನಡೆಸುವವರಿಂದ ಪ್ರತಿ ವರ್ಷವೂ ಇವೇ ಪ್ರಶ್ನೆಗಳು ಬರುತ್ತಿವೆ. ಪ್ರಾಯೋಜಕರಿಗೆ ಪತ್ರ ಬರೆಯುವುದು, ರಸೀದಿ ಕೊಡುವುದು ಸಂಘಟಕರಿಗೆ ಗೊತ್ತಿರಲೇಬೇಕಾದ ಕೆಲಸವಾದ್ದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ವಿಂಡೋಸ್‌ಗೆ ಪ್ರತಿಸ್ಪರ್ಧಿಯಾದ ಮುಕ್ತ ತಂತ್ರಾಂಶ ಲಿನಕ್ಸ್‌ನ ಸಮ್ಮೇಳನದಲ್ಲಿ ಪ್ರಾಯೋಜಕರೆಂದು ಮೈಕ್ರೋಸಾಫ್ಟ್ ಹೆಸರು ಹಾಕುವುದು ದ್ರೋಹವಲ್ಲವೇ?

ಉತ್ತರ: ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಅಪಾಚೆ ಪ್ರತಿಷ್ಠಾನವು 2008ರಲ್ಲೇ ಆ ಕಂಪನಿಯ ಪ್ರಾಯೋಜಕತ್ವವನ್ನು ಸ್ವೀಕರಿಸಿತು, 2016ರಲ್ಲಿ ಲಿನಕ್ಸ್ ಪ್ರತಿಷ್ಠಾನವೂ ಅದಕ್ಕೆ ಸದಸ್ಯತ್ವ ಕೊಟ್ಟಿತು, ಈ ಚರ್ಚೆಗೆ ಇನ್ನು ಸಮಯ ವ್ಯಯಿಸಬೇಡಿ.

ಪ್ರಶ್ನೆ: ಅರ್ಧ ಖರ್ಚು ಭರಿಸಲು ಮುಂದೆ ಬಂದಿರುವ ಕಂಪನಿಯೊಂದು, ತನ್ನ ಪ್ರತಿಸ್ಪರ್ಧಿಯಿಂದ ಹಣ ಪಡೆಯಬಾರದೆಂದು ಷರತ್ತು ಹಾಕಿದೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಆ ಕಂಪನಿ ಕೊಳ್ಳಲು ಹೊರಟಿರುವುದು ಮಳಿಗೆಯ ಜಾಗವನ್ನಲ್ಲ, ಸಮ್ಮೇಳನಕ್ಕೆ ಯಾರು ಬರಬೇಕೆಂದು ನಿರ್ಧರಿಸುವ ಹಕ್ಕನ್ನು. ಮುಕ್ತ ತಂತ್ರಾಂಶದಲ್ಲಿ ಈ ಹಕ್ಕು ಯಾವ ಒಂದು ಕಂಪನಿಗೂ ಸಲ್ಲುವುದಿಲ್ಲ. ಮಾಹಿತಿ ಸಂಗ್ರಹಿಸಿಡುವ (ಡೇಟಾಬೇಸ್) ಮುಕ್ತ ತಂತ್ರಾಂಶ ಪೋಸ್ಟ್‌ಗ್ರೆಸ್ ಅನ್ನೇ ನೋಡಿ: ಇಡಿಬಿ, ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳು ಅದರ ಸೇವೆಯನ್ನು ಮಾರುವುದರಲ್ಲಿ ಪರಸ್ಪರ ಪೈಪೋಟಿ ನಡೆಸುತ್ತಿದ್ದರೂ ಮೂವರ ಎಂಜಿನಿಯರುಗಳೂ ಅದೇ ಕೋಡಿಗೆ ದುಡಿಯುತ್ತಾರೆ. ಒಬ್ಬರನ್ನು ಹೊರಗಿಟ್ಟರೆ ಕೋಡ್ ಬರೆದವರನ್ನೇ ಹೊರಗಿಟ್ಟಂತಾಗುತ್ತದೆ. ಈ ಕಾರಣಕ್ಕೇ ಪೋಸ್ಟ್‌ಗ್ರೆಸ್ ಸಮುದಾಯದ ಮಾನ್ಯತೆ ಬಯಸುವ ಸಮ್ಮೇಳನಗಳ ಉಪನ್ಯಾಸ ಆಯ್ಕೆ ಸಮಿತಿಯಲ್ಲಿ ಒಂದೇ ಕಂಪನಿಯವರು ಅರ್ಧಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವಿದೆ.

ನಿಯಮಕ್ಕಿಂತ ವ್ಯಕ್ತಿಯ ಮಾತು ಮುಂದಾದರೆ ಏನಾಗುತ್ತದೆ ಎಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ, ಜಾಲತಾಣ ಕಟ್ಟುವ ಮುಕ್ತ ತಂತ್ರಾಂಶ ವರ್ಡ್‌ಪ್ರೆಸ್‌ನ ಸಮ್ಮೇಳನವಾದ ವರ್ಡ್‌ಕ್ಯಾಂಪ್‌ನಲ್ಲಿ ಎಲ್ಲರೂ ಕಂಡರು. ವರ್ಡ್‌ಪ್ರೆಸ್‌ನ ಸಹಸ್ಥಾಪಕರೂ ಜಾಲತಾಣಗಳನ್ನು ಇಡುವ ಸೇವೆ (ಹೋಸ್ಟಿಂಗ್) ಮಾರುವ ಆಟೋಮ್ಯಾಟಿಕ್ ಕಂಪನಿಯ ಮುಖ್ಯಸ್ಥರೂ ಆದ ಮ್ಯಾಟ್ ಮಲೆನ್‌ವೆಗ್, ಸಮ್ಮೇಳನದ ಪ್ರಾಯೋಜಕರಲ್ಲೊಂದಾಗಿದ್ದ ಪ್ರತಿಸ್ಪರ್ಧಿ ಡಬ್ಲ್ಯುಪಿ ಎಂಜಿನ್ ಕಂಪನಿಯನ್ನು ಅದೇ ವೇದಿಕೆಯಿಂದ ಕಟುವಾಗಿ ಟೀಕಿಸಿದರು. ಕೆಲವೇ ದಿನಗಳಲ್ಲಿ ಆ ಕಂಪನಿಗೆ ವರ್ಡ್‌ಪ್ರೆಸ್ ತಾಣದ ಬಾಗಿಲು ಮುಚ್ಚಲಾಯಿತು, ಅಕ್ಟೋಬರ್ 2ರಂದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಯೋಜನೆಗೆ ಕಂಪನಿಗಳು ಎಷ್ಟು ದುಡಿಯುತ್ತವೆ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಎಂದು ನಾನು ಭಾವಿಸುತ್ತೇನೆ. ಆದರೆ ಅದನ್ನು ಕೇಳಬೇಕಿದ್ದುದು ಹಣ ಪಡೆಯುವ ಮೊದಲು, ಅದೂ ಪ್ರತಿಸ್ಪರ್ಧಿ ಅಲ್ಲದವರ ಬಾಯಿಂದ. ವಿಚಿತ್ರವೆಂದರೆ ವರ್ಡ್‌ಕ್ಯಾಂಪ್‌ಗಳಲ್ಲಿ ಒಳ್ಳೆಯ ನಿಯಮವೊಂದು ಮೊದಲೇ ಇತ್ತು: ವರ್ಡ್‌ಪ್ರೆಸ್ ಆಧಾರಿತ ತಂತ್ರಾಂಶ ಹಂಚುವ ಪ್ರಾಯೋಜಕರು, ತಂತ್ರಾಂಶವನ್ನು ಬಳಸುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುವ ಜಿಪಿಎಲ್ ಪರವಾನಗಿಯನ್ನು ಪಾಲಿಸಲೇಬೇಕು. ಪ್ರಾಯೋಜಕರನ್ನು ನಿರಾಕರಿಸುವುದಕ್ಕೆ ಆಧಾರ ಬೇಕಿದ್ದರೆ ಇಂಥದ್ದು ಬೇಕು. ಇದು ಎಲ್ಲರಿಗೂ ಒಂದೇ ಮತ್ತು ಯಾರು ಬೇಕಾದರೂ ಪರಿಶೀಲಿಸಬಹುದಾದದ್ದು.

ಆದ್ದರಿಂದ ಪ್ರಾಯೋಜಕತ್ವದ ದರ, ಅದಕ್ಕೆ ಸಿಗುವ ಸೌಲಭ್ಯ, ನಿರಾಕರಣೆಯ ಕಾರಣಗಳನ್ನು ಮೊದಲೇ ಬರೆದು ಎಲ್ಲರಿಗೂ ಪ್ರಕಟಿಸಿ. ಉಪನ್ಯಾಸ ಆಯ್ಕೆ ಮುಗಿಯುವವರೆಗೆ ಯಾರು ಎಷ್ಟು ಕೊಟ್ಟರೆಂಬುದು ಆಯ್ಕೆ ಸಮಿತಿಗೆ ತಿಳಿಯದಿರಲಿ. ಹಣ ಕೊಟ್ಟು ಪಡೆದ ಉಪನ್ಯಾಸವಾದರೆ ವೇಳಾಪಟ್ಟಿಯಲ್ಲೇ ಹಾಗೆಂದು ನಮೂದಿಸಿ. ನನ್ನ ಎಚ್ಚರಿಕೆ ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ: ಒಟ್ಟು ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚನ್ನು ನಾನು ಒಬ್ಬರಿಂದ ಪಡೆಯುವುದಿಲ್ಲ. ಹಿಂದೊಮ್ಮೆ ಪಡೆದಿದ್ದೆ, ಪ್ರತಿಸ್ಪರ್ಧಿಯ ಉದ್ಯೋಗಿಯೊಬ್ಬರ ಉಪನ್ಯಾಸವನ್ನು ಕೈಬಿಡುವಂತೆ ಸಮ್ಮೇಳನಕ್ಕೆ ಮೂರು ದಿನವಿರುವಾಗ ಆ ಪ್ರಾಯೋಜಕರಿಂದ ಕರೆ ಬಂತು, ನಾನು ಒಪ್ಪದಿದ್ದಾಗ ಉಳಿದ ಕಂತು ಬರಲಿಲ್ಲ. ನಿಮಗೆ ಒಪ್ಪಂದವಾಗುವ ಮೊದಲೇ ಷರತ್ತು ತಿಳಿದಿರುವುದು ಒಳ್ಳೆಯದೇ ಆಯಿತು. ಹಣ ಸಾಲದಿದ್ದರೆ ಹೋಟೆಲಿನ ಸಭಾಂಗಣ ಬಿಟ್ಟು ಕಾಲೇಜಿನಲ್ಲಿ ನಡೆಸಿ, ಟೀ ಶರ್ಟ್ ಕೈಬಿಡಿ.

ಪ್ರಶ್ನೆ: 'ಏಕೈಕ ಪ್ರಾಯೋಜಕ' ಹಕ್ಕನ್ನು ಮಾರಿದರೆ ದುಪ್ಪಟ್ಟು ಹಣ ಬರುತ್ತದೆ ಎಂದು ಸಲಹೆಗಾರರೊಬ್ಬರು ಹೇಳುತ್ತಾರೆ.

ಉತ್ತರ: ಕಮಿಷನ್ ಪಡೆಯುವವರ ಲೆಕ್ಕ ಅದು. ಈ ವರ್ಷ ಹೊರಗಿಟ್ಟ ಕಂಪನಿಯ ಬಾಗಿಲಿಗೆ ಮುಂದಿನ ವರ್ಷ ಹೋಗಬೇಕಾದವರು ನೀವು. ಆ ಸಲಹೆಗಾರರನ್ನು ದೂರವಿಡಿ.

ಪ್ರಶ್ನೆ: ಬಂದವರ ಇಮೇಲ್ ಪಟ್ಟಿಯನ್ನು ಪ್ರಾಯೋಜಕರೆಲ್ಲರಿಗೂ ಸಮನಾಗಿ ಕೊಟ್ಟರೆ ನ್ಯಾಯವಲ್ಲವೇ?

ಉತ್ತರ: ಅಲ್ಲ. ಅದು ನಿಮ್ಮ ಸ್ವತ್ತಲ್ಲ. ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬೇಡಿ.